ಮಂಗಳೂರಿಂದ ಜಿನೋವಾಕ್ಕೆ ಕಾಫಿ: ಕೆಂಪು ಸಮುದ್ರ ನಂಬಿ ವರ್ಷದ ಕರಾರು ಬರೆಯಬಹುದಾ?

ಕಣಿವೆ_ಕಾಫಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಿಂಗಳಿಗೆ ನಾಲ್ಕು ಕಂಟೇನರ್ ರೋಬಸ್ಟಾ ಚೆರಿ ಎಬಿ (ಹಣ್ಣಿನ ಸಮೇತ ಒಣಗಿಸಿದ ಕಾಫಿಯ ಒಂದು ದರ್ಜೆ). ಒಂದೊಂದರಲ್ಲಿ 60 ಕಿಲೋದ 320 ಗೋಣಿಚೀಲ, ಅಂದರೆ 19.2 ಟನ್. ಸರಕು ಹೊರಡುವುದು ಪಣಂಬೂರಿನ ನವಮಂಗಳೂರು ಬಂದರಿನಿಂದ, ಖರೀದಿದಾರರು ಇಟಲಿಯವರು, ಇಡೀ ಸರಕಿಗೆ ಅವರೊಬ್ಬರೇ. ಈಗ ಒಂದು ವರ್ಷದ ಕರಾರು ಬರೆಯಬೇಕು. ಇಷ್ಟು ದಿನ ಎಫ್‌ಒಬಿ (ಹಡಗು ಹತ್ತಿಸುವವರೆಗಿನ ಖರ್ಚು ಮಾತ್ರ ನಮ್ಮದು) ಇತ್ತು. ಈ ಸಲ ಅವರು ಸಿಐಎಫ್ (ಹಡಗು ಬಾಡಿಗೆ, ವಿಮೆಯೂ ನಮ್ಮದು) ಕೇಳುತ್ತಿದ್ದಾರೆ, ಜೊತೆಗೆ "ಇಂಥ ದಿನದೊಳಗೆ ಜಿನೋವಾ ಮುಟ್ಟಬೇಕು" ಎನ್ನುವ ಸಾಲೂ ಬೇಕಂತೆ.

ನನ್ನ ಗೊಂದಲ ಮೂರು. ದಾರಿ ಸೂಯೆಜ್ ಅಂತ ಹಿಡಿದು ದರ ಕಟ್ಟಬೇಕೋ, ಆಫ್ರಿಕಾ ಸುತ್ತುವ ಕೇಪ್ ಅಂತ ಹಿಡಿಯಬೇಕೋ? ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿಯಂಥ ಯುದ್ಧದ ಅಪಾಯವನ್ನು ಕರಾರಿನಲ್ಲಿ ಯಾರ ತಲೆಗೆ ಕಟ್ಟಬೇಕು? ಇಷ್ಟು ದೇಶಗಳ ನೌಕಾಪಡೆ ಅಲ್ಲಿ ನಿಂತಿದ್ದೂ ಹಡಗು ಕಂಪನಿಗಳು ಯಾಕೆ ಹಿಂಜರಿಯುತ್ತವೆ? "ಕಾದು ನೋಡಿ" ಅನ್ನುವ ಉತ್ತರ ಬೇಡ, ದಯವಿಟ್ಟು ಲೆಕ್ಕದ ಸಮೇತ ಹೇಳಿ.

ದೂರದ_ಲೆಕ್ಕ:

ಸರ್, ಮೊದಲು ಭೂಪಟ ಬಿಡಿಸಿ. ಪತ್ರಿಕೆಗಳಲ್ಲಿ ಬರುವ "10ರಿಂದ 14 ದಿನ ಹೆಚ್ಚು" ಎಂಬ ಮಾತು ಶಾಂಘೈ–ರಾಟರ್‌ಡ್ಯಾಮ್ ಕಡೆಯದು. ಅಲ್ಲಿ ಸೂಯೆಜ್ ಮೂಲಕ ಸುಮಾರು 10,500 ನಾಟಿಕಲ್ ಮೈಲಿ, ಕೇಪ್ ಸುತ್ತಿದರೆ 14,000ದ ಹತ್ತಿರ. ಮೂರರಲ್ಲೊಂದು ಪಾಲು ಹೆಚ್ಚಾಯಿತು, ಅಷ್ಟೆ. ನಮ್ಮ ಪಶ್ಚಿಮ ಕರಾವಳಿಗೆ ಸೂಯೆಜ್ ಹತ್ತಿರ ಇರುವುದೇ ಈಗ ಮುಳುವು. ಮುಂಬೈ–ಜಿನೋವಾ ಸೂಯೆಜ್ ಮೂಲಕ ಸುಮಾರು 4,500 ಮೈಲಿ, ಕೇಪ್ ಮೂಲಕ 10,500ರ ಆಸುಪಾಸು. ಎರಡು ಪಟ್ಟಿಗೂ ಮೇಲಾಯಿತು. ಮಂಗಳೂರಿಂದ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಪೆಟ್ಟು ಅದೇ. ಹಡಗು 16 ನಾಟ್ ವೇಗದಲ್ಲಿ ಹೋದರೆ ದಿನಕ್ಕೆ 384 ಮೈಲಿ. 6,000 ಮೈಲಿ ಹೆಚ್ಚುವರಿಗೆ 15-16 ದಿನ ಬೇಕು.

ಪೈಪೋಟಿಯವರನ್ನೂ ಇದೇ ಭೂಪಟದಲ್ಲಿ ನೋಡಿ. ವಿಯೆಟ್ನಾಂ ಕೂಡ ಕೆಂಪು ಸಮುದ್ರದ ದಕ್ಷಿಣದ ಬಾಯಿಯಾದ ಇದೇ ಬಾಬ್ ಎಲ್ ಮಂದೆಬ್ ಜಲಸಂಧಿ ದಾಟಬೇಕು. ಆದರೆ ಅವರ ದಾರಿ ಮೊದಲೇ ಉದ್ದ, ಹಾಗಾಗಿ ಅನುಪಾತದಲ್ಲಿ ಅವರಿಗೆ ನಮಗಿಂತ ಕಡಿಮೆ ಹೊಡೆತ. ಬ್ರೆಜಿಲ್‌ನ ಕೊನಿಲಾನ್‌ಗೆ, ಅಂದರೆ ಅವರ ರೋಬಸ್ಟಾಕ್ಕೆ, ಬಾಬ್ ಎಲ್ ಮಂದೆಬ್‌ನ ಗೊಡವೆಯೇ ಇಲ್ಲ. ವಿತೋರಿಯಾದಿಂದ ಹೊರಟು ಅಟ್ಲಾಂಟಿಕ್ ದಾಟಿದರೆ ಮೆಡಿಟರೇನಿಯನ್. ನಿಮ್ಮ ಇಟಲಿಯವರು ತಾರೀಖು ಬರೆಸಿಕೊಳ್ಳಲು ಒತ್ತಾಯ ಮಾಡುತ್ತಿರುವುದರ ಹಿಂದೆ ಈ ಹೋಲಿಕೆ ಇದ್ದೇ ಇರುತ್ತದೆ.

ಇನ್ನು ಹಡಗಿನ ಸುತ್ತು. ಇಂಡಿಯಾ–ಮೆಡಿಟರೇನಿಯನ್ ಸೇವೆಯೊಂದು ಹೋಗಿ ಬರಲು 42 ದಿನ ತೆಗೆದುಕೊಳ್ಳುತ್ತದೆ ಅಂದುಕೊಳ್ಳಿ. ವಾರಕ್ಕೊಂದು ಹಡಗು ಬಿಡಬೇಕಾದರೆ 6 ಹಡಗು ಸಾಕು. ಹೋಗುವಾಗ 16, ಬರುವಾಗ 16 ದಿನ ಸೇರಿಸಿ. 74 ದಿನ ಆಯಿತು, ಈಗ 11 ಹಡಗು ಬೇಕು. ಆ ಐದು ಹಡಗು ಎಲ್ಲಿಂದಲೋ ಕಿತ್ತು ತರಬೇಕು, ಇಲ್ಲವೇ ಸೇವೆಯನ್ನು ಹತ್ತು ದಿನಕ್ಕೊಮ್ಮೆ ಮಾಡಬೇಕು, ಇಲ್ಲವೇ ದಾರಿಯ ಬಂದರುಗಳನ್ನು ಕಳಚಬೇಕು. ಕಳಚುವುದು ಯಾವಾಗಲೂ ಸರಕು ಕಡಿಮೆ ಇರುವ ಬಂದರನ್ನೇ. ಹಾಗಾಗಿ ಮಂಗಳೂರಿನ ಪೆಟ್ಟಿಗೆ (ಕಂಟೇನರ್) ಫೀಡರ್ ಎಂಬ ಸಣ್ಣ ಹಡಗು ಹತ್ತಿ ಕೊಲಂಬೊದಲ್ಲಿ ಇನ್ನೊಂದು ಹಡಗಿಗೆ ಕಾಯುತ್ತದೆ. 2024ರಲ್ಲಿ ಕೊಲಂಬೊ ತುಂಬಿ ತುಳುಕಿದ್ದು ಇದೇ ಕಾರಣಕ್ಕೆ. ಹೆಚ್ಚುವರಿ 16 ದಿನ ಸಮುದ್ರದ್ದು. ಬಂದರಿನಲ್ಲಿ ಕೂತ ದಿನ ಬೇರೆ.

ಬದಲಿ ಬಂದರು ಕೈಯಲ್ಲಿಟ್ಟುಕೊಳ್ಳಿ. ಕೊಚ್ಚಿಯ ವಲ್ಲಾರ್ಪಾಡಂ ಒಂದು. 2024ರ ಡಿಸೆಂಬರ್‌ನಲ್ಲಿ ವಾಣಿಜ್ಯವಾಗಿ ಶುರುವಾದ ವಿಳಿಂಜಂ ಇನ್ನೊಂದು. ಅದು ಅಂತರರಾಷ್ಟ್ರೀಯ ಹಡಗುಹಾದಿಗೆ ಸುಮಾರು 10 ನಾಟಿಕಲ್ ಮೈಲಿ ದೂರದಲ್ಲಷ್ಟೇ ಇದೆ. ಆದರೆ ಶುರುವಿನಲ್ಲಿ ಅದರ ಉಪಯೋಗ ಮುಖ್ಯವಾಗಿ ಹಡಗಿಂದ ಹಡಗಿಗೆ ಬದಲಿಸಲು, ಕೊಲಂಬೊದ ಬದಲಿಗೆ. ಲಾರಿಯಲ್ಲಿ ಕೊಚ್ಚಿಗೆ ಕಳಿಸುವಾಗ ನೆನಪಿರಲಿ, ಗುಂಡ್ಲುಪೇಟೆ ದಾರಿಯ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಅದಕ್ಕೆ ತಕ್ಕಂತೆ ಕ್ಯೂರಿಂಗ್ ವರ್ಕ್ಸ್‌ನಿಂದ (ಕಾಫಿ ಸಂಸ್ಕರಿಸುವ ಕಾರ್ಖಾನೆಯಿಂದ) ಗಾಡಿ ಬಿಡದಿದ್ದರೆ ಒಂದು ದಿನ ಕೈತಪ್ಪುತ್ತದೆ, ಬಂದರಿಗೆ ಪೆಟ್ಟಿಗೆ ಒಪ್ಪಿಸುವ ಕಟ್‌ಆಫ್ ಗಡುವು ಕೂಡ.

ಇನ್ನೊಂದು ಖರ್ಚು ಬಹಳ ಜನ ಮರೆಯುತ್ತಾರೆ. ಯುರೋಪ್ ಒಕ್ಕೂಟದ ಇಂಗಾಲ ಶುಲ್ಕ 2024ರಿಂದ ಹಡಗುಗಳಿಗೂ ಬಂತು. ಹೊರಗಿನ ಬಂದರಿನಿಂದ ಒಕ್ಕೂಟದ ಬಂದರಿಗೆ ಬರುವ ಪಯಣದ ಅರ್ಧ ಹೊಗೆ ಲೆಕ್ಕಕ್ಕೆ. ಅದರಲ್ಲೂ 2024ರ ಹೊಗೆಗೆ ಶೇ 40, 2025ರದ್ದಕ್ಕೆ ಶೇ 70, 2026ರಿಂದ ಪೂರ್ತಿ. ದಾರಿ ಎರಡು ಪಟ್ಟಾದರೆ ಈ ಸರ್‌ಚಾರ್ಜೂ ಬೆಳೆಯುತ್ತದೆ.

ನನ್ನ ಅಭಿಪ್ರಾಯ: ದರ ಕೇಪ್‌ಗೆ ಕಟ್ಟಿ. ಸೂಯೆಜ್ ತೆರೆದು ದರ ಇಳಿದರೆ ಎಷ್ಟು ಪಾಲು ಖರೀದಿದಾರರಿಗೆ ವಾಪಸ್ ಅಂತ ಬರೆದುಕೊಡಿ. ಉಲ್ಟಾ ಮಾಡಿದರೆ, ದರ ಏರಿದ ದಿನ ಅವರ ಹತ್ತಿರ ಒಂದು ಡಾಲರ್ ಹೆಚ್ಚು ಕೇಳುವುದೂ ಕಷ್ಟ.

ಪಾಲಿಸಿ_ಓದುಗ:

ಸಿಐಎಫ್ ಅಂದರೆ ಬರೀ ಬಾಡಿಗೆ ಅಲ್ಲ, ವಿಮೆಯೂ ನಿಮ್ಮ ಮೇಲೆ. ಇನ್‌ಕೋಟರ್ಮ್ಸ್ 2020 ಎಂಬ ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳ ಪ್ರಕಾರ ಸಿಐಎಫ್‌ನಲ್ಲಿ ಮಾರುವವರು ಕೊಡಬೇಕಾದ ಕನಿಷ್ಠ ವಿಮೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜ್ 'ಸಿ' (ಸರಕು ವಿಮೆಯ ಸಿದ್ಧ ಷರತ್ತು), ಕರಾರು ಬೆಲೆಯ ಶೇ 110ಕ್ಕೆ. ಕಾಫಿಗೆ 'ಸಿ' ಯಾವ ಮೂಲೆಗೂ ಸಾಲದು, ಪೆಟ್ಟಿಗೆಯೊಳಗೆ ಬೆವತು ಚೀಲ ನೆನೆದರೆ ಅದರಡಿ ಕಾಸೂ ಬರುವುದಿಲ್ಲ. 'ಎ' ತೆಗೆದುಕೊಳ್ಳಿ.

ಆದರೆ 'ಎ'ಯಲ್ಲೂ ಯುದ್ಧ ಸೇರಿಲ್ಲ. ಯುದ್ಧಕ್ಕೆ ಬೇರೆ ಕ್ಲಾಜ್, ಮುಷ್ಕರ-ಭಯೋತ್ಪಾದನೆಗೆ ಇನ್ನೊಂದು ಕ್ಲಾಜ್. ಎರಡನ್ನೂ ಕೇಳಿ ಹಾಕಿಸಬೇಕು. ಖರೀದಿದಾರರು ಯುದ್ಧದ ವಿಮೆ ಕೇಳಿದರೆ ಅದರ ಪ್ರೀಮಿಯಂ ಅವರದೇ ಎಂದು ಇನ್‌ಕೋಟರ್ಮ್ಸ್ ಹೇಳುತ್ತದೆ. ನಾಚಿಕೆ ಬಿಟ್ಟು ಅದನ್ನು ಇನ್‌ವಾಯ್ಸ್‌ನಲ್ಲಿ ಬೇರೆ ಸಾಲಾಗಿ ತೋರಿಸಿ.

ಯುದ್ಧದ ಕ್ಲಾಜ್‌ನಲ್ಲಿ ಮೂರು ಜಾಗ ಬೆರಳಿಟ್ಟು ಓದಿ. ಒಂದು, ರಕ್ಷಣೆ ನೀರಿನ ಮೇಲೆ ಮಾತ್ರ: ಹಡಗು ಹತ್ತಿದಾಗಿನಿಂದ ಇಳಿಯುವವರೆಗೆ. ಇಳಿಯುವುದು ತಡವಾದರೆ, ಕೊನೆಯ ಬಂದರಿಗೆ ಹಡಗು ಮುಟ್ಟಿದ ದಿನದ ನಡುರಾತ್ರಿಯಿಂದ 15 ದಿನ. ಎರಡು, ನಡುವೆ ಹಡಗು ಬದಲಿಸುವ ಬಂದರಿನಲ್ಲೂ 15 ದಿನದ ಮಿತಿ. ಕೊಲಂಬೊದಲ್ಲಿ ಪೆಟ್ಟಿಗೆ 22 ದಿನ ಕೂತರೆ ಕೊನೆಯ ವಾರ ಯುದ್ಧದ ರಕ್ಷಣೆ ಇಲ್ಲ, ಮುಂದಿನ ಹಡಗು ಹತ್ತಿದ ಮೇಲೆ ಮತ್ತೆ ಜೀವ ಬರುತ್ತದೆ. ಮೂರು, ವಿಮಾ ಕಂಪನಿ ಸಾಮಾನ್ಯವಾಗಿ 7 ದಿನದ ನೋಟಿಸ್ ಕೊಟ್ಟು ಯುದ್ಧದ ರಕ್ಷಣೆ ರದ್ದು ಮಾಡಬಹುದು. ಈಗಾಗಲೇ ಹೊರಟ ಸರಕಿಗೆ ಅದು ತಟ್ಟುವುದಿಲ್ಲ, ಮುಂದಿನ ಪೆಟ್ಟಿಗೆಗೆ ತಟ್ಟುತ್ತದೆ. ಹಾಗಾಗಿ ವರ್ಷದ ಕರಾರಿನಲ್ಲಿ ಇಡೀ ವರ್ಷಕ್ಕೆ ಯುದ್ಧದ ವಿಮೆ ಕೊಡುತ್ತೇನೆಂದು ಮಾತು ಕೊಡಬೇಡಿ. "ಲೋಡ್ ಆಗುವ ದಿನ ಮಾರುಕಟ್ಟೆಯಲ್ಲಿ ಸಿಕ್ಕರೆ, ಆ ದಿನದ ದರಕ್ಕೆ" ಎಂದೇ ಬರೆಯಿರಿ.

ತಡವಾದದ್ದಕ್ಕೆ ಯಾವ ಕ್ಲಾಜೂ ಕೊಡುವುದಿಲ್ಲ. ವಿಮೆ ಇರುವ ಅಪಾಯದಿಂದಲೇ ತಡವಾಗಿದ್ದರೂ ಇಲ್ಲ. "ಇಂಥ ದಿನ ಜಿನೋವಾ ಮುಟ್ಟಬೇಕು" ಎಂಬ ಸಾಲು ಅದಕ್ಕೇ ಅಪಾಯಕಾರಿ. ಅದಕ್ಕೆ ದಂಡ ಬಿದ್ದರೆ ಪೂರ್ತಿ ನಿಮ್ಮ ಜೇಬಿಂದಲೇ. ಸಿಐಎಫ್ ಮೂಲತಃ ಹಡಗು ಹತ್ತಿಸುವ ಕರಾರು, ಮುಟ್ಟಿಸುವ ಕರಾರಲ್ಲ. "ಮಾರ್ಚ್ ಲೋಡಿಂಗ್" ಎಂದು ಬರೆಯಿರಿ, ಬಿಲ್ ಆಫ್ ಲೇಡಿಂಗ್ (ಸರಕು ಹತ್ತಿಸಿಕೊಂಡದ್ದಕ್ಕೆ ಹಡಗು ಕಂಪನಿ ಕೊಡುವ ದಾಖಲೆ) ದಿನಾಂಕವೇ ಸಾಕ್ಷಿ ಎಂದು ಸೇರಿಸಿ.

ಇನ್ನೊಂದು ಸಾಲು ಹೀಗಿರಲಿ: "ಸಹಿ ಮಾಡಿದ ದಿನ ಜಾರಿಯಲ್ಲಿದ್ದ ಸಾಗಣೆ ದರದ ಮೇಲೆ ಬರುವ ಯುದ್ಧ, ಬಳಸುದಾರಿ ಮತ್ತು ಬಂದರು ದಟ್ಟಣೆಯ ಸರ್‌ಚಾರ್ಜ್ ಖರೀದಿದಾರರ ಖಾತೆಗೆ, ಹಡಗು ಹೊರಟ ಮೇಲೆ ವಿಧಿಸಿದ್ದೂ ಸೇರಿ." ಕೊನೆಯ ಭಾಗ ಬಿಡಬೇಡಿ. ಬಿಲ್ ಆಫ್ ಲೇಡಿಂಗ್‌ನ ಹಿಂಬದಿಯ ಸಣ್ಣ ಅಕ್ಷರದಲ್ಲಿ ದಾರಿ ಬದಲಿಸುವ, ಬೇರೆ ಬಂದರಿನಲ್ಲಿ ಇಳಿಸುವ, ಅದಕ್ಕೆ ಹಣ ಕೇಳುವ ಹಕ್ಕನ್ನು ಹಡಗು ಕಂಪನಿ ಇಟ್ಟುಕೊಂಡಿರುತ್ತದೆ.

ಪಾವತಿ ದಾಖಲೆ ಮೇಲೆ ಅಂದರೆ "ಮೊದಲ ಸಲ ದಾಖಲೆ ತೋರಿಸಿದ ಕೂಡಲೇ" ಎಂದು ಸೇರಿಸಿ. ಇಲ್ಲದಿದ್ದರೆ ದಾಖಲೆ ಬ್ಯಾಂಕಿನಲ್ಲಿ ಕೂತು ಹಡಗು ಬರುವವರೆಗೂ ದುಡ್ಡು ಬರುವುದಿಲ್ಲ. ಎಲ್‌ಸಿ (ಖರೀದಿದಾರರ ಬ್ಯಾಂಕ್ ಕೊಡುವ ಪಾವತಿಯ ಖಾತರಿ) ಆದರೆ ಗಡುವು ಬಿಲ್ ಆಫ್ ಲೇಡಿಂಗ್ ದಿನದಿಂದ ಎಣಿಸುವಂತಿರಲಿ.

ಕಣಿವೆ_ಕಾಫಿ:

ಪಾಲಿಸಿ ತೆಗೆದು ನೋಡಿದೆ, ಕೊಲಂಬೊದ 15 ದಿನದ ಸಾಲು ಇದೆ. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಧನ್ಯವಾದ. ನೌಕಾಪಡೆಯ ಪ್ರಶ್ನೆಗೆ ಯಾರಾದರೂ ಹೇಳುತ್ತೀರಾ? ಕದನವಿರಾಮ ಘೋಷಣೆ ಆದ ಕೂಡಲೇ ಹಳೆಯ ದರಕ್ಕೆ ಮರಳಿ ಅಂತ ಖರೀದಿದಾರರು ಕೇಳುತ್ತಾರೆ, ಅವರಿಗೆ ಏನು ಹೇಳಲಿ?

ಅಲೆ_ಮೇಲೆ_ಕಣ್ಣು:

ಬಾಬ್ ಎಲ್ ಮಂದೆಬ್‌ನ ಅತಿ ಕಿರಿದಾದ ಜಾಗ ಸುಮಾರು 29 ಕಿ.ಮೀ. ಅದನ್ನೂ ಪೆರಿಮ್ ದ್ವೀಪ ಎರಡಾಗಿ ಸೀಳುತ್ತದೆ. ದಡದ ಹಿಂದೆ ಯೆಮೆನ್‌ನ ಬೆಟ್ಟಸಾಲು. ಬೆಟ್ಟದ ಮರೆಯ ಲಾರಿಯಿಂದ ಹಾರಿದ ಕ್ಷಿಪಣಿ ಹಡಗು ಮುಟ್ಟಲು ನಿಮಿಷಗಳಷ್ಟೇ ಸಾಕು. ಹಡಗಿಗೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲ, ಕಾವಲಿನವರಿಗೆ ಯೋಚಿಸಲು ಹೊತ್ತಿಲ್ಲ.

ಸೊಮಾಲಿ ಕಡಲ್ಗಳ್ಳರ ಕಾಲಕ್ಕೆ ಇದನ್ನು ಹೋಲಿಸುವುದು ತಪ್ಪು. ಆಗ ಬಹುಪಾಲು ಹಡಗುಗಳು ಸೂಯೆಜ್ ಬಿಡಲಿಲ್ಲ. ಮುಳ್ಳುತಂತಿ, ಬಂದೂಕು ಹಿಡಿದ ಕಾವಲುಗಾರರು, 18 ನಾಟ್‌ಗೆ ಮೇಲಿನ ವೇಗ, ಇಷ್ಟಿದ್ದರೆ ಏಣಿ ಹಾಕಲು ಬರುವ ಸಣ್ಣ ದೋಣಿಯನ್ನು ತಡೆಯಬಹುದಿತ್ತು. ಕ್ಷಿಪಣಿಗೆ ಮುಳ್ಳುತಂತಿ ಏನು ಮಾಡೀತು?

2023ರ ನವೆಂಬರ್ 19ರಂದು ಗ್ಯಾಲಕ್ಸಿ ಲೀಡರ್ ಹಡಗನ್ನು ಹೌತಿಗಳು ಹೆಲಿಕಾಪ್ಟರ್‌ನಿಂದ ಇಳಿದು ವಶಪಡಿಸಿಕೊಂಡರು. ಡಿಸೆಂಬರ್‌ನಲ್ಲಿ ಅಮೆರಿಕದ ಮುಂದಾಳತ್ವದ ನೌಕಾ ಕಾವಲು ಕಾರ್ಯಾಚರಣೆ, 2024ರ ಫೆಬ್ರವರಿಯಲ್ಲಿ ಯುರೋಪ್ ಒಕ್ಕೂಟದ್ದೇ ಆದ ಆಸ್ಪಿಡಿಸ್ ಕಾರ್ಯಾಚರಣೆ ಶುರುವಾದವು. ಆದರೂ ಅದೇ ಫೆಬ್ರವರಿಯಲ್ಲಿ ಏಟು ತಿಂದ ರೂಬಿಮಾರ್ ಸುಮಾರು 21,000 ಟನ್ ಗೊಬ್ಬರದ ಸಮೇತ ಮಾರ್ಚ್ 2ರಂದು ಮುಳುಗಿತು. ಕಾವಲು ಹಡಗಿನ ದೌರ್ಬಲ್ಯ ಅದರ ಮದ್ದುಗುಂಡಿನ ಮಿತಿಯಲ್ಲಿದೆ. ಅಮೆರಿಕದ ಆರ್ಲೀ ಬರ್ಕ್ ವರ್ಗದ ಡಿಸ್ಟ್ರಾಯರ್‌ನಲ್ಲಿ 90ರಿಂದ 96 ಕ್ಷಿಪಣಿ ಉಡಾವಣಾ ಗೂಡು. ಖಾಲಿಯಾದರೆ ಬಂದರಿಗೆ ಹೋಗಿ ತುಂಬಿಸಿಕೊಂಡು ಬರಬೇಕು. ಎದುರಿನವರು ಅಗ್ಗದ ಡ್ರೋನ್ ಕಳಿಸುತ್ತಾರೆ, ಇವರು ದಶಲಕ್ಷ ಡಾಲರ್ ಮೀರುವ ಕ್ಷಿಪಣಿಯಿಂದ ಅದನ್ನು ಹೊಡೆಯಬೇಕು. ಲಂಡನ್ನಿನ ವಿಮೆಗಾರರು ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಬಿಕ್ಕಟ್ಟಿಗೆ ಮೊದಲು ಹಡಗಿನ ಬೆಲೆಯ ಶೇ 0.05ರಷ್ಟಿದ್ದ ಯುದ್ಧ ಪ್ರೀಮಿಯಂ 2024ರ ಆರಂಭದಲ್ಲಿ ಶೇ 0.7ರಿಂದ 1ಕ್ಕೆ ಏರಿತ್ತು. 10 ಕೋಟಿ ಡಾಲರಿನ ಹಡಗಿಗೆ ಒಂದು ಸಲ ದಾಟಲು 7ರಿಂದ 10 ಲಕ್ಷ ಡಾಲರ್.

ಅಪಾಯ ಜಲಸಂಧಿಗೇ ಸೀಮಿತ ಅಂತಲೂ ಅಂದುಕೊಳ್ಳಬೇಡಿ. 2023ರ ಡಿಸೆಂಬರ್ 23ರಂದು ಡ್ರೋನ್ ಏಟು ತಿಂದ ಕೆಮ್ ಪ್ಲೂಟೊ ಇದ್ದದ್ದು ಪೋರಬಂದರಿನಿಂದ ಸುಮಾರು 217 ನಾಟಿಕಲ್ ಮೈಲಿ ದೂರದಲ್ಲಿ, ಅದು ಕಚ್ಚಾತೈಲ ಹೊತ್ತು ಹೊರಟಿದ್ದು ನಮ್ಮ ಮಂಗಳೂರಿಗೇ. ದೊಡ್ಡ ನೌಕಾಪಡೆಗಳ ಗಮನ ಕೆಂಪು ಸಮುದ್ರದ ಕಡೆ ಹೊರಳಿದ್ದೇ ಸೊಮಾಲಿ ಕಡಲ್ಗಳ್ಳರೂ ಮತ್ತೆ ತಲೆ ಎತ್ತಿದರು. ಅವರು ಹಿಡಿದಿದ್ದ ರೂಯೆನ್ ಹಡಗನ್ನು 2024ರ ಮಾರ್ಚ್‌ನಲ್ಲಿ ಬಿಡಿಸಿ 35 ಜನರನ್ನು ಸೆರೆ ಹಿಡಿದದ್ದು ನಮ್ಮ ಐಎನ್‌ಎಸ್ ಕೋಲ್ಕತಾ ಮತ್ತು ಮಾರ್ಕೋಸ್ ಕಮಾಂಡೊಗಳು.

ಕದನವಿರಾಮದ ಮಾತಿಗೆ ಖರೀದಿದಾರರ ಮುಂದೆ ಇಡಬೇಕಾದ ಉದಾಹರಣೆ 2025ರ ಜುಲೈಯದು. ಅದಕ್ಕೂ ಮುಂಚೆ ಆರು ತಿಂಗಳಿಗೂ ಮೇಲೆ ವಾಣಿಜ್ಯ ಹಡಗುಗಳ ಮೇಲೆ ದಾಳಿ ನಿಂತಿತ್ತು. ಆಮೇಲೆ ಒಂದೇ ವಾರದಲ್ಲಿ ಮ್ಯಾಜಿಕ್ ಸೀಸ್, ಎಟರ್ನಿಟಿ ಸಿ, ಎರಡೂ ಮುಳುಗಿದವು. ಸುದ್ದಿಯ ಶೀರ್ಷಿಕೆ ಬಿಟ್ಟು ಬೇರೆ ಎರಡನ್ನು ಗಮನಿಸಿ. ಲಂಡನ್ ವಿಮಾ ಮಾರುಕಟ್ಟೆಯ ಜಂಟಿ ಯುದ್ಧ ಸಮಿತಿ ತನ್ನ ಅಪಾಯ ಪ್ರದೇಶದ ಪಟ್ಟಿಯಿಂದ ದಕ್ಷಿಣ ಕೆಂಪು ಸಮುದ್ರವನ್ನು ತೆಗೆಯಿತೇ? ನಿಮ್ಮ ಹಡಗು ಕಂಪನಿ ಮುಂದಿನ ಮೂರು ತಿಂಗಳ ವೇಳಾಪಟ್ಟಿಯನ್ನು ಸೂಯೆಜ್ ಮೇಲೆ ಪ್ರಕಟಿಸಿತೇ? ಎರಡಕ್ಕೂ ಹೌದು ಎಂಬ ಉತ್ತರ ಬಂದ ಮೇಲೆ ಹಳೆಯ ದರದ ಮಾತು ಎಂದು ಕರಾರಿನಲ್ಲೇ ಬರೆಯಬಹುದು.

ಗೋಣಿ_ಮತ್ತು_ತೇವ:

ದಾರಿ ಉದ್ದವಾದರೆ ಕಾಫಿಗೆ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. 19.2 ಟನ್ ಕಾಫಿಯಲ್ಲಿ ತೇವ ಶೇ 12 ಇದ್ದರೆ ಪೆಟ್ಟಿಗೆಯೊಳಗೆ ಸುಮಾರು 2,300 ಲೀಟರ್ ನೀರು ಇದೆ ಎಂದರ್ಥ. ಕೇಪ್ ದಾರಿಯಲ್ಲಿ ಹಡಗು ಸಮಭಾಜಕವನ್ನು ಎರಡು ಸಲ ದಾಟುತ್ತದೆ: ಸೆಕೆ, ಚಳಿ, ಮತ್ತೆ ಸೆಕೆ, ಕೊನೆಗೆ ಯುರೋಪಿನ ಚಳಿ. ಹೊರಗೆ ತಣ್ಣಗಾದಾಗ ಕಾಫಿಯಿಂದ ಎದ್ದ ಆವಿ ತಗಡಿನ ಛಾವಣಿಯಲ್ಲಿ ಹನಿಗಟ್ಟಿ, ಛಾವಣಿಯ ಏಣುಗಳ ಗುಂಟ ಸಾಲಾಗಿ ಚೀಲದ ಮೇಲೆ ಬೀಳುತ್ತದೆ. ಪೆಟ್ಟಿಗೆ ತೆರೆದಾಗ ಮೇಲಿನ ಸಾಲಿನ ಗೋಣಿಯ ಮೇಲೆ ಗೆರೆ ಎಳೆದಂಥ ಕಂದು ಕಲೆ, ಹೊಲಿಗೆಯ ಹತ್ತಿರ ಬೂಷ್ಟು ಕಂಡರೆ ಅದು ಇದೇ.

ಲೋಡ್ ಮಾಡುವ ದಿನ ತೇವ ಶೇ 11 ದಾಟದಿರಲಿ, ಚೀಲದ ನಡುವಿನಿಂದಲೂ ಮಾದರಿ ತೆಗೆಯಿರಿ. ಖಾಲಿ ಪೆಟ್ಟಿಗೆಯೊಳಗೆ ಒಬ್ಬರು ನಿಂತು ಬಾಗಿಲು ಮುಚ್ಚಿಸಿ, ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಪೆಟ್ಟಿಗೆ ವಾಪಸ್ ಕಳಿಸಿ. ಮರದ ನೆಲ ತೊಳೆದು ಒದ್ದೆ ಇದ್ದರೂ ಬೇಡ. ನೆಲಕ್ಕೆ ದಪ್ಪ ರಟ್ಟು, ಗೋಡೆಗೆ ಕ್ರಾಫ್ಟ್ ಕಾಗದ, ಮೇಲಿನ ಸಾಲಿನ ಮೇಲೆ ಕ್ರಾಫ್ಟ್ ಎರಡು ಪದರ. ಪ್ಲಾಸ್ಟಿಕ್ ಹೊದಿಸಬೇಡಿ, ಬಿದ್ದ ನೀರು ಅದರ ಮೇಲೆ ಹರಿದು ಒಂದೇ ಕಡೆ ಚೀಲಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ತೇವಹೀರುಕ ಒಂದೊಂದು ಕಿಲೋದ್ದು, ಸೂಯೆಜ್ ದಾರಿಗೆ ಆರು ಹಾಕುತ್ತಿದ್ದರೆ ಕೇಪ್‌ಗೆ ಹತ್ತು ಹಾಕಿ. ಗೋಡೆಯ ತಗಡಿನ ತಗ್ಗುಗಳಲ್ಲಿ ನೇತು ಹಾಕಿ, ತುಂಬಿದ ನೀರು ಕೆಳಗಿನ ಚೀಲಕ್ಕೆ ತಾಗದಂತೆ.

ಬುಕಿಂಗ್‌ನಲ್ಲಿ "ಡೆಕ್ ಕೆಳಗೆ" ಎಂದು ಕೋರಿ. ಜೂನ್‌ನಿಂದ ಆಗಸ್ಟ್ ದಕ್ಷಿಣ ಆಫ್ರಿಕಾದ ಚಳಿಗಾಲ, ಬಿರುಗಾಳಿ ಜೋರು. 2024ರ ಜುಲೈಯಲ್ಲಿ ಅಲ್ಲಿ ಒಂದೇ ಹಡಗಿನಿಂದ 44 ಪೆಟ್ಟಿಗೆ ಸಮುದ್ರಪಾಲಾದವು. ಅದೇ ತಿಂಗಳುಗಳಲ್ಲಿ ನಮ್ಮ ಕಡೆ ಶಿರಾಡಿ ಘಾಟಿ ಕುಸಿಯುವ ಕಾಲ. ಹಾಗಾಗಿ ವರ್ಷದ 48 ಕಂಟೇನರನ್ನು ತಿಂಗಳಿಗೆ ಸಮನಾಗಿ ಹಂಚುವ ಬದಲು ಫೆಬ್ರವರಿಯಿಂದ ಮೇ ಒಳಗೆ ಆರಾರು ಕಳಿಸಿ, ಮಳೆಗಾಲದ ಮೂರು ತಿಂಗಳು ಎರಡೆರಡಕ್ಕೆ ಇಳಿಸಿ. ಉಳಿದದ್ದು ಆಮೇಲೆ.

ಕುದುರೆಮುಖ_ನೆನಪು:

ಮೇಲಿನವರ ಮಾತು ಸರಿ, ಆದರೆ ಎಲ್ಲರೂ ದಾರಿಯ ಬಗ್ಗೆಯೇ ಹೇಳುತ್ತಿದ್ದೀರಿ. ನನಗೆ ಕಾಣುವ ದೊಡ್ಡ ಅಪಾಯ "ಖರೀದಿದಾರರು ಒಬ್ಬರೇ" ಎನ್ನುವ ಸಾಲು.

ನಮ್ಮಲ್ಲೇ ಉದಾಹರಣೆ ಇದೆ. ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಹುಟ್ಟಿದ್ದೇ ಇರಾನಿಗಾಗಿ. ಸಾಲವೂ ಇರಾನಿನ ಷಾ ಸರ್ಕಾರದ್ದು (63 ಕೋಟಿ ಡಾಲರಿನ ಒಪ್ಪಂದ), ಅದಿರು ಕೊಳ್ಳುವವರೂ ಅವರೇ. ಘಟ್ಟದ ಇಳಿಜಾರನ್ನೇ ಬಳಸಿಕೊಂಡು ಅದಿರಿನ ಕೆಸರನ್ನು ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಸುವ ವ್ಯವಸ್ಥೆ. ಭೂಗೋಳವನ್ನು ಇಷ್ಟು ಚೆನ್ನಾಗಿ ಓದಿದ ಯೋಜನೆ ಕರ್ನಾಟಕದಲ್ಲಿ ಕಡಿಮೆ. 1979ರಲ್ಲಿ ಷಾ ಬಿದ್ದರು. ಸಾಲದ ಉಳಿದ ಕಂತೂ ನಿಂತಿತು, ಕೊಳ್ಳುವವರೂ ಹೋದರು. ಭಾರತ ಸರ್ಕಾರ ಸ್ವಂತ ದುಡ್ಡು ಹಾಕಿ 1980ರಲ್ಲಿ ಮುಗಿಸಿತು. ಆಮೇಲೆ ಮಂಗಳೂರಿನಲ್ಲಿ ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ ಬಂದ ಮೇಲೆ ಬೇರೆ ಬೇರೆ ದೇಶದವರಿಗೆ ಮಾರುವುದು ಸುಲಭವಾಯಿತು.

ನಿಮ್ಮ ಪ್ರಮಾಣದಲ್ಲಿ ಅದೇ ಲೆಕ್ಕ. ಟನ್ನಿಗೆ 4,500 ಡಾಲರ್ ಎಂದು ಹಿಡಿದರೆ ಒಂದು ಕಂಟೇನರ್ 86,400 ಡಾಲರ್. ಬಾಡಿಗೆ 2,500 ಡಾಲರ್ ಏರಿದರೂ ಶೇ 3ರ ಒಳಗೆ. ಗ್ರಾನೈಟ್‌ನವರಿಗೆ ಇದೇ ಏರಿಕೆ ಪ್ರಾಣಸಂಕಟ. 10,000 ಡಾಲರಿನ ಕಲ್ಲಿಗೆ ಅದು ಶೇ 25. ಕಾಫಿಯವರನ್ನು ಹಿಂಡುವುದು ಬಾಡಿಗೆಗಿಂತ ಸಿಕ್ಕಿಬಿದ್ದ ಬಂಡವಾಳ. ತಿಂಗಳಿಗೆ ನಾಲ್ಕರ ಲೆಕ್ಕದಲ್ಲಿ 15 ದಿನ ಹೆಚ್ಚಾದರೆ ಯಾವಾಗಲೂ ಎರಡು ಕಂಟೇನರ್ ಹೆಚ್ಚುವರಿಯಾಗಿ ನೀರಿನ ಮೇಲಿರುತ್ತವೆ: 1,72,800 ಡಾಲರ್, 84 ರೂಪಾಯಿಯಂತೆ 1.45 ಕೋಟಿ. ದಾಖಲೆ ಕೊಟ್ಟ ಕೂಡಲೇ ಹಣ ಬಾರದಿದ್ದರೆ ಶೇ 9ರ ಬಡ್ಡಿಯಲ್ಲಿ ವರ್ಷಕ್ಕೆ 13 ಲಕ್ಷ. ಬ್ಯಾಂಕ್ ಮಿತಿಯನ್ನು ಕರಾರಿಗೆ ಸಹಿ ಹಾಕುವ ಮೊದಲೇ ಹೆಚ್ಚಿಸಿಕೊಳ್ಳಿ. ಹಣ ಬಿಗಿಯಾದ ಮೇಲೆ ಕೇಳಿದರೆ ಬ್ಯಾಂಕಿನವರು ನೂರು ಪ್ರಶ್ನೆ ಹಾಕುತ್ತಾರೆ.

ಲಂಡನ್ ವಾಯಿದಾ ಮಾರುಕಟ್ಟೆಯಲ್ಲಿ ಹೆಡ್ಜ್ ಮಾಡುತ್ತಿದ್ದರೆ (ಬೆಲೆ ಇಳಿಯುವ ಅಪಾಯದಿಂದ ಪಾರಾಗಲು ಮುಂಗಡವಾಗಿ ಮಾರಿಟ್ಟಿದ್ದರೆ) ಇನ್ನೊಂದು ಮಾತು. ರೋಬಸ್ಟಾ ಲಾಟ್, ಅಂದರೆ ಅಲ್ಲಿನ ವ್ಯವಹಾರದ ಒಂದು ಘಟಕ, 10 ಟನ್ನಿನದು, ಕಂಟೇನರಿಗೆ ಎರಡು ಲಾಟ್. ಪೆಟ್ಟಿಗೆ ಸಿಗದೆ ಲೋಡಿಂಗ್ ಮುಂದಕ್ಕೆ ಹೋಗಿ, ಖರೀದಿದಾರರು ದರ ನಿಗದಿಯನ್ನು ಜುಲೈಯಿಂದ ಸೆಪ್ಟೆಂಬರ್ ಕಾಂಟ್ರಾಕ್ಟಿಗೆ ತಳ್ಳಿದರೆ, ಹತ್ತಿರದ ತಿಂಗಳ ಬೆಲೆ ಮೇಲಿದ್ದಾಗ ನೀವು ದುಬಾರಿಗೆ ಕೊಂಡು ಅಗ್ಗಕ್ಕೆ ಮಾರಿದಂತೆ. ವ್ಯತ್ಯಾಸ ಟನ್ನಿಗೆ 100 ಡಾಲರ್ ಇದ್ದರೆ ಕಂಟೇನರಿಗೆ 2,000 ಡಾಲರ್ ನಷ್ಟ. ಈ ವ್ಯತ್ಯಾಸ ಯಾರ ಖಾತೆಗೆ ಅನ್ನುವುದನ್ನು ಕರಾರಿನಲ್ಲಿ ಬರೆಯದವರೇ ಹೆಚ್ಚು.

ನನ್ನ ಸಲಹೆ: 48ರಲ್ಲಿ 30 ಇಟಲಿಗೆ ಇರಲಿ. ಕೆಂಪು ಸಮುದ್ರ ಮುಟ್ಟದ ಯುಎಇ, ಪೂರ್ವದ ದೇಶಗಳು, ಒಳನಾಡಿನ ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳು, ಇವಕ್ಕೆ ಹತ್ತೋ ಹನ್ನೆರಡೋ ಕೊಡಿ, ಬೆಲೆ ಸ್ವಲ್ಪ ಕಡಿಮೆ ಬಂದರೂ ಚಿಂತೆಯಿಲ್ಲ. ಯುಎಇ ಬಂದರು ಹೊರ್ಮುಜ್ ಒಳಗಿದೆಯೋ ಹೊರಗಿದೆಯೋ ನೋಡಿಕೊಳ್ಳಿ. ಜೆಬೆಲ್ ಅಲಿ ಒಳಗೆ, ಫುಜೈರಾ ಮತ್ತು ಖೋರ್‌ಫಕ್ಕಾನ್ ಹೊರಗೆ. ಉಳಿದ ಆರೆಂಟನ್ನು ಹಂಗಾಮಿನ ಶುರುವಿನಲ್ಲೇ ಕಳಿಸಿ ಜಿನೋವಾ ಅಥವಾ ತ್ರಿಯೆಸ್ತೆಯ ಗೋದಾಮಿನಲ್ಲಿ ನಿಮ್ಮ ಹೆಸರಲ್ಲೇ ಇಡಿ. ಹಡಗು ತಡವಾದ ತಿಂಗಳು ಅಲ್ಲಿಂದ ಕೊಟ್ಟರೆ ಇಟಲಿಯವರಿಗೆ ತಾರೀಖಿನ ಚಿಂತೆ ಇಲ್ಲ, ನಿಮಗೆ ದಂಡದ ಸಾಲು ಬೇಕಾಗಿಲ್ಲ.

ಕಣಿವೆ_ಕಾಫಿ:

ಗೋದಾಮಿನ ಮಾತನ್ನು ಇವತ್ತೇ ಖರೀದಿದಾರರ ಮುಂದಿಟ್ಟೆ. ಮುಟ್ಟುವ ತಾರೀಖಿನ ಸಾಲು ಬಿಡಲು ಒಪ್ಪಿದ್ದಾರೆ. ಗೋದಾಮು ಬಾಡಿಗೆಯಲ್ಲಿ ಅರ್ಧ ಕೊಡುತ್ತಾರಂತೆ, ಬಡ್ಡಿಯ ಪಾಲಿನ ಬಗ್ಗೆ ಇನ್ನೂ ಚೌಕಾಸಿ ನಡೆದಿದೆ. ತ್ರಿಯೆಸ್ತೆಯಲ್ಲಿ ಇಟ್ಟ ಕಾಫಿಯ ತೇವವನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು ಅಂತ ಗೊತ್ತಿದ್ದವರು ಹೇಳಿ.

ಗೋಣಿ_ಮತ್ತು_ತೇವ:

ಮೊದಲ ತಿಂಗಳು ಎರಡು ಸಲ, ಆಮೇಲೆ ತಿಂಗಳಿಗೊಮ್ಮೆ. ಗೋಡೆಗೆ ತಾಗಿದ ಸಾಲಿನಿಂದಲೇ ಮಾದರಿ ಕೇಳಿ, ನಡುವಿನ ಸಾಲು ಯಾವಾಗಲೂ ಚೆನ್ನಾಗೇ ಇರುತ್ತದೆ. ಶೇ 12.5 ದಾಟಿದರೆ ಆ ಲಾಟನ್ನು ಮೊದಲು ಮಾರಿ.